ಹೊಸಬರು ಕ್ರಿಪ್ಟೋ ಎಕ್ಸ್‌ಚೇಂಜ್ ಆರಿಸುವ ಮುನ್ನ: ಪುಣೆಯ ಗೇನ್‌ಬಿಟ್‌ಕಾಯಿನ್ ಪ್ರಕರಣ ಹೇಳುವ ಪಾಠಗಳೇನು?

ಪುಣೆ: ಒಂದು ಬಿಟ್‌ಕಾಯಿನ್ ಕೊಟ್ಟರೆ 18 ತಿಂಗಳಲ್ಲಿ 1.8 ಬಿಟ್‌ಕಾಯಿನ್ ವಾಪಸ್. ತಿಂಗಳಿಗೆ ಶೇ 10ರಂತೆ ಲಾಭ. 2015ರಲ್ಲಿ ಶುರುವಾದ ‘ಗೇನ್‌ಬಿಟ್‌ಕಾಯಿನ್’ ಎಂಬ ಯೋಜನೆ ಇದೇ ಲೆಕ್ಕ ತೋರಿಸಿ ದೇಶದಾದ್ಯಂತ ಜನರನ್ನು ಸೆಳೆಯಿತು. 2018ರಲ್ಲಿ ಪುಣೆಯ ದತ್ತವಾಡಿ ಮತ್ತು ಪಕ್ಕದ ಪಿಂಪ್ರಿ-ಚಿಂಚವಾಡದ ನಿಗಡಿ ಪೊಲೀಸ್ ಠಾಣೆಗಳಲ್ಲಿ ಪ್ರಕರಣ ದಾಖಲಾದವು. ಅದೇ ವರ್ಷದ ಏಪ್ರಿಲ್‌ನಲ್ಲಿ ಯೋಜನೆಯ ರೂವಾರಿ ಅಮಿತ್ ಭಾರದ್ವಾಜ್‌ನನ್ನು ಪುಣೆ ಪೊಲೀಸರು ದೆಹಲಿ ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ಇಷ್ಟು ವರ್ಷ ಕಳೆದರೂ ಆ ಪ್ರಕರಣ ಮುಗಿದಿಲ್ಲ.

ಅಂದಿಗೂ ಇಂದಿಗೂ ಪರಿಸ್ಥಿತಿ ಬದಲಾಗಿದೆ. ಆಗ ಬಿಟ್‌ಕಾಯಿನ್ ಕೊಳ್ಳುವುದೇ ದೊಡ್ಡ ಸಾಹಸವಾಗಿತ್ತು. ಈಗ ಹಿಂಜವಡಿಯ ಟೆಕ್ಕಿಯಾಗಲಿ, ಬೆಂಗಳೂರಿನ ವೈಟ್‌ಫೀಲ್ಡ್‌ನ ಟೆಕ್ಕಿಯಾಗಲಿ, ಮೊಬೈಲ್‌ನಲ್ಲಿ ಪ್ಯಾನ್ ಮತ್ತು ಆಧಾರ್ ವಿವರ ಕೊಟ್ಟು ಕೆಲವೇ ನೂರು ರೂಪಾಯಿಗೆ ಕ್ರಿಪ್ಟೋ ಕೊಳ್ಳಬಹುದು. ಹೀಗಾಗಿ ಮೊದಲ ಬಾರಿ ಕೊಳ್ಳುವವರ ಮುಂದಿರುವ ಪ್ರಶ್ನೆ, ಯಾವ ಎಕ್ಸ್‌ಚೇಂಜ್ ಒಳ್ಳೆಯದು ಎಂಬುದು. ಶುಲ್ಕ ಎಷ್ಟು, ಆ್ಯಪ್ ಹೇಗಿದೆ, ಎಷ್ಟು ಬಗೆಯ ಕಾಯಿನ್ ಸಿಗುತ್ತವೆ ಎಂದು ಹೋಲಿಸುವ ಪಟ್ಟಿಗಳಿಗೆ ಇಂಟರ್ನೆಟ್‌ನಲ್ಲಿ ಬರವಿಲ್ಲ. ಆದರೆ ಕಳೆದ ಹತ್ತು ವರ್ಷಗಳಲ್ಲಿ ದೇಶದ ಹೂಡಿಕೆದಾರರು ದೊಡ್ಡ ಮೊತ್ತದ ಹಣ ಕಳೆದುಕೊಂಡದ್ದು ಶುಲ್ಕದ ವ್ಯತ್ಯಾಸದಿಂದಲ್ಲ. ತಮ್ಮ ಕಾಯಿನ್ ಯಾರ ಕೈಯಲ್ಲಿದೆ, ಅದನ್ನು ವಾಪಸ್ ಪಡೆಯುವುದು ಹೇಗೆ ಎಂದು ಮೊದಲೇ ಕೇಳದೆ ಇದ್ದದ್ದರಿಂದ.

ಪುಣೆ ಪ್ರಕರಣದಲ್ಲಿ ಆಗಿದ್ದೇನು?

ಗೇನ್‌ಬಿಟ್‌ಕಾಯಿನ್ ಎಕ್ಸ್‌ಚೇಂಜ್ ಆಗಿರಲಿಲ್ಲ. ಇದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಸಿಬಿಐ ಹೇಳುವಂತೆ, ಹೂಡಿಕೆದಾರರು ಬೇರೆ ಎಕ್ಸ್‌ಚೇಂಜ್‌ಗಳಲ್ಲಿ ಬಿಟ್‌ಕಾಯಿನ್ ಕೊಂಡು, ನಂತರ ಅದನ್ನು ‘ಕ್ಲೌಡ್ ಮೈನಿಂಗ್’ ಒಪ್ಪಂದದ ಹೆಸರಿನಲ್ಲಿ ಗೇನ್‌ಬಿಟ್‌ಕಾಯಿನ್‌ಗೆ ಕಳುಹಿಸಬೇಕಿತ್ತು. ಹೊಸಬರನ್ನು ಕರೆತಂದವರಿಗೆ ಕಮಿಷನ್ ಕೊಡುವ ಮಲ್ಟಿ ಲೆವೆಲ್ ಮಾರ್ಕೆಟಿಂಗ್ ವ್ಯವಸ್ಥೆ ಇತ್ತು. ಶುರುವಿನಲ್ಲಿ ಬಿಟ್‌ಕಾಯಿನ್ ರೂಪದಲ್ಲೇ ಲಾಭ ಬರುತ್ತಿದ್ದುದರಿಂದ ನಂಬಿಕೆ ಬೆಳೆಯಿತು. 2017ರಲ್ಲಿ ಹೊಸ ಹಣದ ಹರಿವು ಕಡಿಮೆಯಾದಾಗ, ಬಿಟ್‌ಕಾಯಿನ್ ಬದಲು ‘ಎಂಕ್ಯಾಪ್’ ಎಂಬ ತಮ್ಮದೇ ಟೋಕನ್ ಕೊಡಲು ಶುರು ಮಾಡಿದರು. ಅದರ ಮೌಲ್ಯ ಬಿಟ್‌ಕಾಯಿನ್‌ಗೆ ಹೋಲಿಸಿದರೆ ಏನೇನೂ ಅಲ್ಲ.

ಅಂದರೆ ಬಿಟ್‌ಕಾಯಿನ್ ಕೊಂಡ ಜಾಗದಲ್ಲಿ ಮೋಸ ನಡೆದಿರಲಿಲ್ಲ. ಅಲ್ಲಿಂದ ಹೊರಗೆ ಕಳುಹಿಸಿದ ಕ್ಷಣದಲ್ಲಿ ಅದರ ಮೇಲಿನ ಹಿಡಿತ ಹೂಡಿಕೆದಾರರ ಕೈತಪ್ಪಿತು. ಇಂದಿಗೂ ವಾಟ್ಸ್‌ಆ್ಯಪ್ ಮತ್ತು ಟೆಲಿಗ್ರಾಂ ಗುಂಪುಗಳಲ್ಲಿ ಹರಿದಾಡುವ ‘ಖಚಿತ ಲಾಭ’ದ ಯೋಜನೆಗಳು ಇದೇ ದಾರಿ ಹಿಡಿಯುತ್ತವೆ. ಮೊದಲು ಪ್ರತಿಷ್ಠಿತ ಎಕ್ಸ್‌ಚೇಂಜ್‌ನಲ್ಲಿ ಕೊಳ್ಳಲು ಹೇಳುತ್ತಾರೆ, ಆಮೇಲೆ ‘ನಮ್ಮ ವೇದಿಕೆಗೆ ವರ್ಗಾಯಿಸಿ’ ಎನ್ನುತ್ತಾರೆ. ಕೊಳ್ಳುವ-ಮಾರುವ ಕೆಲಸ ಬಿಟ್ಟು ನಿಗದಿತ ಲಾಭದ ಮಾತಾಡುವ ವೇದಿಕೆ ಎಕ್ಸ್‌ಚೇಂಜ್ ಅಲ್ಲ, ಅದು ಹೂಡಿಕೆ ಯೋಜನೆ. ಕ್ರಿಪ್ಟೋ ಬೆಲೆ ಯಾರ ಹಿಡಿತದಲ್ಲೂ ಇಲ್ಲದಿರುವಾಗ ತಿಂಗಳಿಗೆ ಇಂತಿಷ್ಟು ಎಂದು ಮಾತು ಕೊಡಲು ಯಾರಿಂದಲೂ ಸಾಧ್ಯವಿಲ್ಲ.

ಈ ಪ್ರಕರಣದಲ್ಲಿ 2017ರಲ್ಲೇ ಸುಮಾರು 6,600 ಕೋಟಿ ರೂಪಾಯಿ ಮೌಲ್ಯದ ಬಿಟ್‌ಕಾಯಿನ್ ಸಂಗ್ರಹಿಸಲಾಗಿತ್ತು ಎಂಬುದು ಜಾರಿ ನಿರ್ದೇಶನಾಲಯದ ಆರೋಪ. ಹಲವು ರಾಜ್ಯಗಳಲ್ಲಿ ದಾಖಲಾಗಿದ್ದ ಪ್ರಕರಣಗಳ ತನಿಖೆಯನ್ನು 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಿಬಿಐಗೆ ಒಪ್ಪಿಸಿತು. 2025ರ ಫೆಬ್ರುವರಿಯಲ್ಲಿ ಪುಣೆ, ಕೊಲ್ಹಾಪುರ, ನಾಂದೇಡ್, ಬೆಂಗಳೂರು ಸೇರಿ 60ಕ್ಕೂ ಹೆಚ್ಚು ಕಡೆ ಸಿಬಿಐ ಶೋಧ ನಡೆಸಿ 23.94 ಕೋಟಿ ರೂಪಾಯಿ ಮೌಲ್ಯದ ಕ್ರಿಪ್ಟೋ ವಶಪಡಿಸಿಕೊಂಡಿತು. 6,600 ಕೋಟಿ ಎಲ್ಲಿ, 23.94 ಕೋಟಿ ಎಲ್ಲಿ? ಮುಖ್ಯ ಆರೋಪಿ ಅಮಿತ್ ಭಾರದ್ವಾಜ್ 2022ರ ಜನವರಿಯಲ್ಲೇ ಹೃದಯಾಘಾತದಿಂದ ಮೃತಪಟ್ಟಿದ್ದಾನೆ. ಅದೇ ವರ್ಷದ ಮಾರ್ಚ್‌ನಲ್ಲಿ ಆತನ ಸಹೋದರನಿಗೆ ವಾಲೆಟ್‌ನ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ತನಿಖಾಧಿಕಾರಿಗೆ ಕೊಡುವಂತೆ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಪಾಸ್‌ವರ್ಡ್ ಸಿಗದೆ ಹಣ ಸಿಗದು ಎಂಬುದು ಕ್ರಿಪ್ಟೋ ಜಗತ್ತಿನ ಮೂಲ ಸತ್ಯ.

ಹಣ ಹುಡುಕಬೇಕಾದವರೇ ಜೈಲಿಗೆ

ಈ ಕಥೆಗೆ ಇನ್ನೊಂದು ತಿರುವಿದೆ. ಪ್ರಕರಣದ ತಾಂತ್ರಿಕ ತನಿಖೆಗಾಗಿ ಪುಣೆ ಪೊಲೀಸರು ಹೊರಗಿನ ಇಬ್ಬರು ತಜ್ಞರ ನೆರವು ಪಡೆದಿದ್ದರು. ಒಬ್ಬರು ಮಾಜಿ ಐಪಿಎಸ್ ಅಧಿಕಾರಿ, ಇನ್ನೊಬ್ಬರು ಸೈಬರ್ ತಜ್ಞ. ಆರೋಪಿಗಳ ವಾಲೆಟ್‌ಗಳಲ್ಲಿದ್ದ ಕ್ರಿಪ್ಟೋವನ್ನು ತಮ್ಮ ಕಡೆಗೆ ವರ್ಗಾಯಿಸಿಕೊಂಡು, ಪೊಲೀಸರಿಗೆ ತಿದ್ದಿದ ಸ್ಕ್ರೀನ್‌ಶಾಟ್ ಕೊಟ್ಟ ಆರೋಪದ ಮೇಲೆ 2022ರ ಮಾರ್ಚ್‌ನಲ್ಲಿ ಪುಣೆ ಪೊಲೀಸರೇ ಇಬ್ಬರನ್ನೂ ಬಂಧಿಸಿದರು.

ಕರ್ನಾಟಕದ ಓದುಗರಿಗೆ ಇದು ಪರಿಚಿತ ಎನಿಸಬಹುದು. ರಾಜ್ಯದ ರಾಜಕೀಯವನ್ನೇ ಅಲುಗಾಡಿಸಿದ ಬಿಟ್‌ಕಾಯಿನ್ ಹಗರಣದಲ್ಲೂ ವಿಶೇಷ ತನಿಖಾ ತಂಡ 2024ರ ಜನವರಿಯಲ್ಲಿ, ಹಿಂದೆ ಅದೇ ಪ್ರಕರಣದ ತನಿಖೆಯಲ್ಲಿದ್ದ ಪೊಲೀಸ್ ಇನ್‌ಸ್ಪೆಕ್ಟರ್ ಮತ್ತು ಖಾಸಗಿ ಸೈಬರ್ ತಜ್ಞರೊಬ್ಬರನ್ನು ಬಂಧಿಸಿತ್ತು. ಈ ಆರೋಪಗಳು ಸಾಬೀತಾಗುತ್ತವೆಯೇ ಎಂಬುದು ನ್ಯಾಯಾಲಯಕ್ಕೆ ಬಿಟ್ಟ ವಿಷಯ. ಆದರೆ ಹೊಸ ಹೂಡಿಕೆದಾರರಿಗೆ ಒಂದು ಮಾತು ಸ್ಪಷ್ಟ. ಬ್ಯಾಂಕ್ ಖಾತೆಯ ಹಣವಾದರೆ ಜಪ್ತಿ ಮಾಡಬಹುದು, ತಡೆಹಿಡಿಯಬಹುದು. ಕ್ರಿಪ್ಟೋ ಒಮ್ಮೆ ಕೈಬದಲಾದರೆ ಅದನ್ನು ವಾಪಸ್ ತರುವ ಹಾದಿಯ ಪ್ರತಿ ಹೆಜ್ಜೆಯೂ ದುರ್ಬಲ. ಹಾಗಾಗಿ ಎಚ್ಚರಿಕೆ ವಹಿಸಬೇಕಾದದ್ದು ಕಳೆದುಕೊಂಡ ಮೇಲಲ್ಲ, ಮೊದಲ ರೂಪಾಯಿ ಹಾಕುವ ಮುನ್ನ.

ಷೇರು ಬ್ರೋಕರ್ ಬೇರೆ, ಕ್ರಿಪ್ಟೋ ಎಕ್ಸ್‌ಚೇಂಜ್ ಬೇರೆ

ಬಹುತೇಕ ಹೊಸಬರು ಡಿಮ್ಯಾಟ್ ಖಾತೆ ತೆರೆದ ಅನುಭವದಲ್ಲೇ ಕ್ರಿಪ್ಟೋ ಆ್ಯಪ್ ತೆರೆಯುತ್ತಾರೆ. ಎರಡರ ಪರದೆಯೂ ಒಂದೇ ರೀತಿ ಕಾಣುತ್ತದೆ. ಹಿಂದಿನ ವ್ಯವಸ್ಥೆ ಮಾತ್ರ ಸಂಪೂರ್ಣ ಬೇರೆ.

ಷೇರು ಪೇಟೆಯಲ್ಲಿ ಆರ್ಡರ್ ಹಾಕುವುದು ಬ್ರೋಕರ್ ಮೂಲಕ. ವಹಿವಾಟು ನಡೆಯುವುದು ಎನ್‌ಎಸ್‌ಇ ಅಥವಾ ಬಿಎಸ್‌ಇಯಲ್ಲಿ. ಲೆಕ್ಕ ಚುಕ್ತಾ ಮಾಡಲು ಕ್ಲಿಯರಿಂಗ್ ಕಾರ್ಪೊರೇಷನ್ ಇದೆ. ಷೇರುಗಳು ಹೂಡಿಕೆದಾರರ ಹೆಸರಿನಲ್ಲೇ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಡಿಪಾಸಿಟರಿಯಲ್ಲಿ ಇರುತ್ತವೆ. ಎಲ್ಲರ ಮೇಲೂ ಸೆಬಿ ಕಣ್ಣಿದೆ. 2019ರಲ್ಲಿ ಕಾರ್ವಿ ಬ್ರೋಕಿಂಗ್ ಸಂಸ್ಥೆ ಗ್ರಾಹಕರ ಷೇರುಗಳನ್ನು ಅಡವಿಟ್ಟ ಹಗರಣ ಬಯಲಾದಾಗ, ಸೆಬಿ ನಿಗಾದಲ್ಲಿ ಎನ್‌ಎಸ್‌ಡಿಎಲ್ ಸುಮಾರು 83 ಸಾವಿರ ಗ್ರಾಹಕರ ಷೇರುಗಳನ್ನು ಅವರ ಖಾತೆಗೆ ವಾಪಸ್ ಹಾಕಿತು. ಬ್ಯಾಂಕ್ ಮುಳುಗಿದರೂ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ.

ಕ್ರಿಪ್ಟೋದಲ್ಲಿ ಬ್ರೋಕರ್, ಮಾರುಕಟ್ಟೆ, ಚುಕ್ತಾ ವ್ಯವಸ್ಥೆ, ತಿಜೋರಿ ಎಲ್ಲವೂ ಬಹುತೇಕ ಒಂದೇ ಕಂಪನಿಯ ಕೈಯಲ್ಲಿ. ಆ್ಯಪ್‌ನಲ್ಲಿ ‘ನಿಮ್ಮ ಬಳಿ 0.02 ಬಿಟ್‌ಕಾಯಿನ್ ಇದೆ’ ಎಂದು ಕಾಣುವುದು ಕಂಪನಿಯ ಲೆಕ್ಕದ ಪುಸ್ತಕದ ಒಂದು ಸಾಲು. ನಿಜವಾದ ಬಿಟ್‌ಕಾಯಿನ್ ಇರುವುದು ಕಂಪನಿಯ ವಾಲೆಟ್‌ನಲ್ಲಿ, ಅದನ್ನು ಕದಲಿಸುವ ‘ಪ್ರೈವೇಟ್ ಕೀ’ ಇರುವುದೂ ಕಂಪನಿಯ ಬಳಿ. ಠೇವಣಿ ವಿಮೆ ಇಲ್ಲ, ಡಿಪಾಸಿಟರಿ ಇಲ್ಲ, ದೂರು ಕೇಳುವ ಸೆಬಿ ಇಲ್ಲ. ಆದ್ದರಿಂದ ಎಕ್ಸ್‌ಚೇಂಜ್ ಆಯ್ಕೆ ಎಂದರೆ ಅಂಗಡಿ ಆಯ್ಕೆ ಅಲ್ಲ, ತಿಜೋರಿ ಆಯ್ಕೆ.

ಇದನ್ನು ಜಾಹೀರಾತುಗಳೇ ಒಪ್ಪಿಕೊಳ್ಳುತ್ತವೆ. ಜಾಹೀರಾತು ಮಾನದಂಡ ಮಂಡಳಿಯ ನಿಯಮದಂತೆ 2022ರ ಏಪ್ರಿಲ್‌ನಿಂದ ಪ್ರತಿ ಕ್ರಿಪ್ಟೋ ಜಾಹೀರಾತಿನಲ್ಲೂ, ಇದು ಅನಿಯಂತ್ರಿತ ಮತ್ತು ಹೆಚ್ಚು ಅಪಾಯದ್ದು, ನಷ್ಟವಾದರೆ ನಿಯಂತ್ರಕರಿಂದ ಪರಿಹಾರ ಸಿಗದೇ ಇರಬಹುದು ಎಂಬ ಎಚ್ಚರಿಕೆ ಇರಲೇಬೇಕು. ಜಾಹೀರಾತಿನಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಓದಬೇಕಾದ ಸಾಲು ಅದೇ.

ಎಫ್‌ಐಯು ನೋಂದಣಿ: ಬೇಕೇ ಬೇಕು, ಆದರೆ ಅಷ್ಟೇ ಸಾಲದು

ದೇಶದಲ್ಲಿ ಕ್ರಿಪ್ಟೋ ಉದ್ಯಮದ ಹಾದಿ ಏರಿಳಿತದ್ದು. 2013ರಲ್ಲಿ ತುಮಕೂರಿನಲ್ಲಿ ಹುಟ್ಟಿದ ಯುನೊಕಾಯಿನ್ ದೇಶದ ಆರಂಭಿಕ ಎಕ್ಸ್‌ಚೇಂಜ್‌ಗಳಲ್ಲಿ ಒಂದು. 2018ರ ಏಪ್ರಿಲ್ 6ರಂದು ಆರ್‌ಬಿಐ, ಕ್ರಿಪ್ಟೋ ಕಂಪನಿಗಳಿಗೆ ಬ್ಯಾಂಕ್ ಸೇವೆ ಕೊಡಬಾರದು ಎಂದು ಸುತ್ತೋಲೆ ಹೊರಡಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಮಾಲ್‌ನಲ್ಲಿ ಯುನೊಕಾಯಿನ್ ಇಟ್ಟಿದ್ದ ಬಿಟ್‌ಕಾಯಿನ್ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡು ಸಂಸ್ಥಾಪಕರನ್ನು ಬಂಧಿಸಿದ್ದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆರ್‌ಬಿಐ ಸುತ್ತೋಲೆಯನ್ನು ರದ್ದು ಮಾಡಿತು. ಅಲ್ಲಿಂದ ಈಚೆಗೆ ಕ್ರಿಪ್ಟೋ ನಿಷಿದ್ಧವೂ ಅಲ್ಲ, ಅದಕ್ಕೆಂದೇ ಪೂರ್ಣ ಕಾನೂನೂ ಇಲ್ಲ.

2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕ್ರಿಪ್ಟೋ ವಹಿವಾಟನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತಂದಿತು. ಎಕ್ಸ್‌ಚೇಂಜ್‌ಗಳು ಹಣಕಾಸು ಗುಪ್ತಚರ ಘಟಕ, ಅಂದರೆ ಎಫ್‌ಐಯುನಲ್ಲಿ ನೋಂದಾಯಿಸಿಕೊಳ್ಳುವುದು, ಕೆವೈಸಿ ಮಾಡುವುದು, ಅನುಮಾನಾಸ್ಪದ ವಹಿವಾಟು ವರದಿ ಮಾಡುವುದು ಕಡ್ಡಾಯವಾಯಿತು. ಅದೇ ಡಿಸೆಂಬರ್‌ನಲ್ಲಿ ನೋಂದಾಯಿಸದ ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ನೋಟಿಸ್ ಹೋಯಿತು, ಮುಂದಿನ ತಿಂಗಳು ಅವುಗಳ ವೆಬ್‌ಸೈಟ್‌ಗಳಿಗೆ ತಡೆ ಬಿತ್ತು. ಬೈನಾನ್ಸ್‌ಗೆ 2024ರ ಜೂನ್‌ನಲ್ಲಿ 18.82 ಕೋಟಿ ರೂಪಾಯಿ ದಂಡ ಬಿತ್ತು, ನೋಂದಣಿ ಮಾಡಿಕೊಂಡ ಅದು ಆಮೇಲೆ ಮರಳಿತು. 2025ರ ಅಕ್ಟೋಬರ್‌ನಲ್ಲಿ ಇನ್ನೂ 25 ವಿದೇಶಿ ವೇದಿಕೆಗಳಿಗೆ ನೋಟಿಸ್ ಹೋಗಿದೆ.

ನೋಂದಣಿ ಇಲ್ಲದ ವೇದಿಕೆಯಲ್ಲಿ ಹಣ ಹಾಕಿದರೆ ಯಾವುದೇ ದಿನ ವೆಬ್‌ಸೈಟ್ ತೆರೆಯದೇ ಹೋಗಬಹುದು. ಹೀಗಾಗಿ ಎಫ್‌ಐಯು ನೋಂದಣಿ ಮೊದಲ ಶರತ್ತು. ಆದರೆ ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಎಫ್‌ಐಯು ನೋಡುವುದು ಕಪ್ಪುಹಣದ ಹರಿವನ್ನು. ಕಂಪನಿಯ ತಿಜೋರಿಯಲ್ಲಿ ಗ್ರಾಹಕರ ಕಾಯಿನ್ ಪೂರ್ತಿ ಇದೆಯೇ, ಕಳುವಾದರೆ ಯಾರು ಕೊಡಬೇಕು ಎಂಬುದು ಅದರ ಕೆಲಸವಲ್ಲ. ‘ಎಫ್‌ಐಯು ನೋಂದಾಯಿತ’ ಎಂಬ ಮುದ್ರೆ ಹೂಡಿಕೆಯ ಸುರಕ್ಷತೆಗೆ ಸರ್ಕಾರ ಕೊಟ್ಟ ಗ್ಯಾರಂಟಿ ಅಲ್ಲ.

ಎರಡು ಹ್ಯಾಕ್, ಎರಡು ಫಲಿತಾಂಶ

ಒಂದು ವರ್ಷದ ಅಂತರದಲ್ಲಿ ದೇಶದ ಎರಡು ದೊಡ್ಡ ಎಕ್ಸ್‌ಚೇಂಜ್‌ಗಳಿಗೆ ಕನ್ನ ಬಿತ್ತು. ಎರಡರ ಗ್ರಾಹಕರ ಅನುಭವ ತದ್ವಿರುದ್ಧ.

2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 23.5 ಕೋಟಿ ಡಾಲರ್, ಅಂದರೆ ಹತ್ತಿರ ಹತ್ತಿರ 2,000 ಕೋಟಿ ರೂಪಾಯಿ ಮೌಲ್ಯದ ಕ್ರಿಪ್ಟೋ ಕಳುವಾಯಿತು. ಅದು ಗ್ರಾಹಕರ ಆಸ್ತಿಯ ಸುಮಾರು ಶೇ 45ರಷ್ಟು. ಈ ಕನ್ನದ ಹಿಂದೆ ಉತ್ತರ ಕೊರಿಯಾದ ಹ್ಯಾಕರ್‌ಗಳಿದ್ದಾರೆ ಎಂದು ಅಮೆರಿಕ, ಜಪಾನ್ ಮತ್ತು ದಕ್ಷಿಣ ಕೊರಿಯಾ 2025ರ ಜನವರಿಯಲ್ಲಿ ಜಂಟಿಯಾಗಿ ಹೇಳಿದವು. ವಜೀರ್‌ಎಕ್ಸ್ ವಹಿವಾಟು ನಿಲ್ಲಿಸಿತು. ಮುಂದಿನ ಹೋರಾಟ ನಡೆದದ್ದು ಸಿಂಗಪುರದ ಹೈಕೋರ್ಟ್‌ನಲ್ಲಿ. ಕಾರಣ, ಮಾತೃಸಂಸ್ಥೆ ಜೆಟ್ಟಾಯ್ ಇರುವುದು ಅಲ್ಲಿ. ಕಳುವಾಗದೆ ಉಳಿದ ಆಸ್ತಿಯನ್ನು ಎಲ್ಲರಿಗೂ ಅನುಪಾತದಲ್ಲಿ ಹಂಚಿ, ಬಾಕಿಗೆ ‘ರಿಕವರಿ ಟೋಕನ್’ ಕೊಡುವ ಯೋಜನೆಗೆ ಎರಡು ಬಾರಿ ಮತದಾನ ನಡೆದು, ಕೋರ್ಟ್ ಒಪ್ಪಿಗೆ ಸಿಕ್ಕಿ ವಹಿವಾಟು ಮತ್ತೆ ಶುರುವಾದದ್ದು 2025ರ ಅಕ್ಟೋಬರ್‌ನಲ್ಲಿ. 15 ತಿಂಗಳು ಗ್ರಾಹಕರಿಗೆ ಬೆಲೆ ಏರಿದಾಗ ಮಾರಲೂ ಆಗಲಿಲ್ಲ, ತುರ್ತಿಗೆ ಕಾಯಿನ್ ಹಿಂಪಡೆಯಲೂ ಆಗಲಿಲ್ಲ.

ಇದಕ್ಕೂ ಮುನ್ನವೇ ಎಚ್ಚರಿಕೆಯ ಗಂಟೆ ಬಾರಿಸಿತ್ತು. ವಜೀರ್‌ಎಕ್ಸ್ ಅನ್ನು ಸ್ವಾಧೀನ ಮಾಡಿಕೊಂಡಿರುವುದಾಗಿ 2019ರಲ್ಲಿ ಬೈನಾನ್ಸ್ ಪ್ರಕಟಿಸಿತ್ತು. 2022ರ ಆಗಸ್ಟ್‌ನಲ್ಲಿ ಬೈನಾನ್ಸ್ ಮುಖ್ಯಸ್ಥ ಚಾಂಗ್‌ಪೆಂಗ್ ಝಾವೊ, ಆ ಒಪ್ಪಂದ ಪೂರ್ಣವಾಗಿಯೇ ಇಲ್ಲ, ಕಂಪನಿ ತಮ್ಮದಲ್ಲ ಎಂದರು. ವಜೀರ್‌ಎಕ್ಸ್ ಸಂಸ್ಥಾಪಕರು ಅದನ್ನು ಅಲ್ಲಗಳೆದರು. ಮಾಲೀಕರು ಯಾರು ಎಂಬುದೇ ಬಹಿರಂಗ ಜಗಳವಾದಾಗಲೂ ಲಕ್ಷಾಂತರ ಗ್ರಾಹಕರು ಅಲ್ಲೇ ಉಳಿದಿದ್ದರು.

ಎರಡನೆಯದು ಕಾಯಿನ್‌ಡಿಸಿಎಕ್ಸ್. 2025ರ ಜುಲೈ 19ರಂದು ಅದರಿಂದ ಸುಮಾರು 4.42 ಕೋಟಿ ಡಾಲರ್, ಅಂದರೆ 378 ಕೋಟಿ ರೂಪಾಯಿ ಆಸುಪಾಸಿನ ಕ್ರಿಪ್ಟೋ ಕಳುವಾಯಿತು. ಹೋದದ್ದು ಕಂಪನಿಯ ವಹಿವಾಟಿಗೆ ಬಳಸುತ್ತಿದ್ದ ಖಾತೆಯಿಂದ, ಗ್ರಾಹಕರ ಆಸ್ತಿ ಪ್ರತ್ಯೇಕವಾಗಿ ‘ಕೋಲ್ಡ್ ವಾಲೆಟ್’ನಲ್ಲಿ ಸುರಕ್ಷಿತವಾಗಿದೆ ಎಂದು ಕಂಪನಿ ಹೇಳಿತು. ನಷ್ಟವನ್ನು ತನ್ನ ಬೊಕ್ಕಸದಿಂದಲೇ ಭರಿಸುವುದಾಗಿಯೂ ಪ್ರಕಟಿಸಿತು. ಪ್ರಕರಣದಲ್ಲಿ ಬೆಂಗಳೂರು ಪೊಲೀಸರು ಕಂಪನಿಯ ಉದ್ಯೋಗಿಯೊಬ್ಬರನ್ನು ಬಂಧಿಸಿದರು.

ಎರಡೂ ಕಡೆ ಕಳ್ಳರು ಒಳನುಗ್ಗಿದ್ದರು. ಒಂದು ಕಡೆ ನಷ್ಟ ಗ್ರಾಹಕರ ಆಸ್ತಿಗೆ ತಟ್ಟಿತು, ಇನ್ನೊಂದು ಕಡೆ ಕಂಪನಿಯ ಹಣಕ್ಕೆ. ವ್ಯತ್ಯಾಸಕ್ಕೆ ಕಾರಣ ಆ್ಯಪ್‌ನ ಅಂದವಲ್ಲ, ಶುಲ್ಕವೂ ಅಲ್ಲ. ಕಳುವಾದ ವಾಲೆಟ್ ಯಾರದು, ನಷ್ಟ ಹೊರಲು ಕಂಪನಿಗೆ ಶಕ್ತಿ ಇತ್ತೇ ಎಂಬುದು. ಹೊಸಬರು ಕೇಳಬೇಕಾದ ಪ್ರಶ್ನೆಗಳು ಇಲ್ಲಿಂದಲೇ ಹುಟ್ಟುತ್ತವೆ.

ಹಾಗಾದರೆ ಏನೇನು ನೋಡಬೇಕು?

1. ಕಂಪನಿ ಯಾವುದು, ಯಾವ ದೇಶದ್ದು: ಆ್ಯಪ್‌ನ ಹೆಸರಲ್ಲ, ಒಪ್ಪಂದಕ್ಕೆ ಸಹಿ ಹಾಕುವ ಕಂಪನಿಯ ಹೆಸರು ಮುಖ್ಯ. ಬಳಕೆಯ ಶರತ್ತುಗಳಲ್ಲಿ ಅದು ಇರುತ್ತದೆ. ವ್ಯಾಜ್ಯ ಬಂದರೆ ಯಾವ ಊರಿನ ಕೋರ್ಟ್ ಅಥವಾ ಮಧ್ಯಸ್ಥಿಕೆ ಎಂಬುದನ್ನೂ ಅಲ್ಲೇ ಬರೆದಿರುತ್ತಾರೆ. ಸಿಂಗಪುರಕ್ಕೆ ಹೋಗಿ ವಾದಿಸುವ ಶಕ್ತಿ ಪುಣೆಯ ಸಂಬಳದಾರನಿಗೆ ಇರುವುದಿಲ್ಲ.

2. ಎಫ್‌ಐಯು ನೋಂದಣಿ: ಕಂಪನಿಯ ಹೇಳಿಕೆಯನ್ನಷ್ಟೇ ನಂಬದೆ, ಅದೇ ಹೆಸರಿನ ಕಂಪನಿ ನೋಂದಣಿ ಪಡೆದಿದೆಯೇ ಎಂದು ಹೊರಗಿನ ಮೂಲಗಳಿಂದಲೂ ಖಚಿತಪಡಿಸಿಕೊಳ್ಳಬೇಕು. ಹೆಸರುವಾಸಿ ಎಕ್ಸ್‌ಚೇಂಜ್‌ಗಳ ಹೆಸರು, ಲೋಗೊ ನಕಲು ಮಾಡಿದ ಆ್ಯಪ್‌ಗಳೂ ಇವೆ. ಲಿಂಕ್ ಒತ್ತಿ ಆ್ಯಪ್ ಇಳಿಸಿಕೊಳ್ಳುವುದು ಬೇಡವೇ ಬೇಡ.

3. ಕಾಯಿನ್ ಹೊರತೆಗೆಯಲು ಬಿಡುತ್ತಾರೆಯೇ: ಕೊಂಡ ಕಾಯಿನ್ ಅನ್ನು ಸ್ವಂತ ವಾಲೆಟ್‌ಗೆ ಕಳುಹಿಸಲು ಕೆಲವು ವೇದಿಕೆಗಳು ಬಿಡುವುದಿಲ್ಲ ಅಥವಾ ಕೆಲವೇ ಕಾಯಿನ್‌ಗಳಿಗೆ ಬಿಡುತ್ತವೆ. ಅಂಥಲ್ಲಿ ಕೊಂಡವರ ಕೈಯಲ್ಲಿರುವುದು ಬೆಲೆಯ ಏರಿಳಿತ ಮಾತ್ರ, ಕಾಯಿನ್ ಅಲ್ಲ.

4. ಸಣ್ಣ ಮೊತ್ತದ ಪರೀಕ್ಷೆ: ಸಾವಿರ ರೂಪಾಯಿ ಹಾಕಿ, ಕೊಂಡು, ಮಾರಿ, ಬ್ಯಾಂಕ್ ಖಾತೆಗೆ ವಾಪಸ್ ತರಿಸಿಕೊಂಡು ನೋಡಬೇಕು. ಎಷ್ಟು ದಿನ ಹಿಡಿಯಿತು, ಎಷ್ಟು ಕಡಿತವಾಯಿತು, ಸಹಾಯವಾಣಿಯಲ್ಲಿ ಮನುಷ್ಯರು ಸಿಕ್ಕರೇ ಎಂಬುದು ಆಗ ಗೊತ್ತಾಗುತ್ತದೆ. ಹಣ ಒಳಗೆ ಹೋಗುವುದು ಎಲ್ಲ ಕಡೆಯೂ ಸುಲಭ. ಹೊರಗೆ ಬರುವ ದಾರಿಯಲ್ಲೇ ವೇದಿಕೆಯ ಬಂಡವಾಳ ಬಯಲಾಗುವುದು.

5. ಗ್ರಾಹಕರ ಆಸ್ತಿ ಪ್ರತ್ಯೇಕವೇ: ಎಷ್ಟು ಪಾಲು ಇಂಟರ್ನೆಟ್ ಸಂಪರ್ಕವಿಲ್ಲದ ಕೋಲ್ಡ್ ವಾಲೆಟ್‌ನಲ್ಲಿದೆ, ‘ಪ್ರೂಫ್ ಆಫ್ ರಿಸರ್ವ್ಸ್’ ಪ್ರಕಟಿಸುತ್ತಾರೆಯೇ, ಅದನ್ನು ಹೊರಗಿನವರು ಪರಿಶೀಲಿಸಿದ್ದಾರೆಯೇ ನೋಡಬೇಕು. ಆ ವರದಿಯಲ್ಲಿ ಕಂಪನಿಯ ಬಳಿ ಇರುವ ಆಸ್ತಿಯ ಜತೆಗೆ ಅದು ಕೊಡಬೇಕಾದ ಬಾಕಿಯೂ ಇದ್ದರೆ ಮಾತ್ರ ಪೂರ್ಣ ಚಿತ್ರ. ಆಸ್ತಿಯಷ್ಟೇ ತೋರಿಸುವ ವರದಿ ಅರ್ಧ ಸತ್ಯ.

6. ನಿಜವಾದ ವೆಚ್ಚ: ‘ಶೂನ್ಯ ಶುಲ್ಕ’ ಎನ್ನುವ ಕಡೆ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರ ಹೆಚ್ಚಿರಬಹುದು. ಒಂದೇ ಕ್ಷಣದಲ್ಲಿ ಎರಡೂ ಬೆಲೆ ನೋಡಿದರೆ ಲೆಕ್ಕ ಸಿಗುತ್ತದೆ. ಶುಲ್ಕದ ಮೇಲೆ ಶೇ 18ರಷ್ಟು ಜಿಎಸ್‌ಟಿ ಬೇರೆ.

7. ‘ಅರ್ನ್’, ‘ಲೆಂಡಿಂಗ್’ ಬಟನ್‌ನಿಂದ ದೂರ: ಕಾಯಿನ್ ಇಟ್ಟರೆ ಬಡ್ಡಿ ಎನ್ನುವ ಯೋಜನೆಗಳು ನೋಂದಾಯಿತ ಆ್ಯಪ್‌ನಲ್ಲಿದ್ದರೂ ಬೇರೆಯದೇ ಅಪಾಯ. ಭಾರತದ ಗ್ರಾಹಕರು ಹೆಚ್ಚಿದ್ದ ಸಿಂಗಪುರದ ವಾಲ್ಡ್ 2022ರ ಜುಲೈನಲ್ಲಿ ಏಕಾಏಕಿ ಹಣ ಹಿಂಪಡೆಯುವುದನ್ನು ನಿಲ್ಲಿಸಿತ್ತು. ಫ್ಯೂಚರ್ಸ್ ಮತ್ತು ಸಾಲದ ಮೇಲಿನ ವಹಿವಾಟು ಹೊಸಬರಿಗೆ ಹೇಳಿಸಿದ್ದಲ್ಲ.

8. ಪಿ2ಪಿ ಬೇಡ: ಅಪರಿಚಿತರೊಂದಿಗೆ ನೇರ ಯುಪಿಐ ಮೂಲಕ ಕೊಳ್ಳುವ-ಮಾರುವ ವ್ಯವಸ್ಥೆಯಲ್ಲಿ, ಎದುರಿನವರು ಕಳುಹಿಸಿದ್ದು ಸೈಬರ್ ವಂಚನೆಯ ಹಣವಾಗಿದ್ದರೆ ಪೊಲೀಸರು ಸ್ಥಗಿತಗೊಳಿಸುವುದು ಹಣ ಬಂದ ಬ್ಯಾಂಕ್ ಖಾತೆಯನ್ನೇ. ಸಂಬಳದ ಖಾತೆಯೇ ಅದಾದರೆ ಮನೆ ಬಾಡಿಗೆಗೂ ಪರದಾಟ.

9. ಖಾತೆಯ ಬೀಗ: ಎಸ್‌ಎಂಎಸ್ ಒಟಿಪಿಗಿಂತ ಆಥೆಂಟಿಕೇಟರ್ ಆ್ಯಪ್ ಸುರಕ್ಷಿತ. ಕಾಯಿನ್ ಕಳುಹಿಸಬಹುದಾದ ವಿಳಾಸಗಳನ್ನು ಮೊದಲೇ ನಮೂದಿಸಿಡುವ ಸೌಲಭ್ಯ ಇದ್ದರೆ ಬಳಸಬೇಕು. ತನ್ನ ಬಳಿ ಎಷ್ಟಿದೆ ಎಂದು ಹೇಳಿಕೊಂಡು ತಿರುಗಬಾರದು. 300 ಕೋಟಿ ರೂಪಾಯಿಯ ಬಿಟ್‌ಕಾಯಿನ್ ಇದೆ ಎಂಬ ಗುಮಾನಿಯಲ್ಲಿ ವ್ಯಕ್ತಿಯೊಬ್ಬರನ್ನು ಅಪಹರಿಸಿದ ಪ್ರಕರಣದಲ್ಲಿ ಪಿಂಪ್ರಿ-ಚಿಂಚವಾಡ ಪೊಲೀಸರು 2022ರಲ್ಲಿ ಬಂಧಿಸಿದವರಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್ ಕೂಡ ಇದ್ದ.

ಹಾಗೆಂದು ಎಲ್ಲವನ್ನೂ ಎಕ್ಸ್‌ಚೇಂಜ್‌ನಿಂದ ತೆಗೆದು ಸ್ವಂತ ವಾಲೆಟ್‌ಗೆ ಹಾಕುವುದು ಎಲ್ಲರಿಗೂ ಸರಿಹೊಂದುವುದಿಲ್ಲ. ಸ್ವಂತ ವಾಲೆಟ್ ತೆರೆದಾಗ 12 ಅಥವಾ 24 ಪದಗಳ ಗುಟ್ಟಿನ ಸಾಲು ಸಿಗುತ್ತದೆ. ಅದು ಕಳೆದರೆ ಕಾಯಿನ್ ಹೋದಂತೆ, ಬೇರೆಯವರಿಗೆ ಸಿಕ್ಕರೂ ಹೋದಂತೆ. ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂಬ ಬಟನ್ ಅಲ್ಲಿಲ್ಲ. ಸಣ್ಣ ಮೊತ್ತ ಇರುವವರೆಗೆ ಒಳ್ಳೆಯ ಎಕ್ಸ್‌ಚೇಂಜ್ ಸಾಕು. ಹೋದರೆ ಸಂಕಟವಾಗುವಷ್ಟು ಮೊತ್ತ ಬೆಳೆದರೆ ಸ್ವಂತ ವಾಲೆಟ್ ಬಳಸಲು ಕಲಿಯಲೇಬೇಕು.

ತೆರಿಗೆ ಲೆಕ್ಕ ತಪ್ಪಿದರೆ

ಎಕ್ಸ್‌ಚೇಂಜ್ ಆಯ್ಕೆಯಲ್ಲಿ ಬಹಳಷ್ಟು ಮಂದಿ ಮರೆಯುವುದು ತೆರಿಗೆಯನ್ನು. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭದ ಮೇಲೆ ಶೇ 30ರಷ್ಟು ತೆರಿಗೆ ಮತ್ತು ಅದರ ಮೇಲೆ ಶೇ 4ರ ಸೆಸ್ ಇದೆ. ಅದೇ ಜುಲೈನಿಂದ ಮಾರಾಟದ ಮೊತ್ತದ ಮೇಲೆ ಶೇ 1ರಷ್ಟು ಟಿಡಿಎಸ್ ಬಂದಿದೆ. ಒಂದು ಲಕ್ಷ ರೂಪಾಯಿಯ ಕಾಯಿನ್ ಮಾರಿದರೆ ನಷ್ಟದಲ್ಲಿದ್ದರೂ 1,000 ರೂಪಾಯಿ ಕಡಿತ. ಅದನ್ನು ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

ಇದಕ್ಕಿಂತ ಬಿಸಿ ಮುಟ್ಟಿಸುವ ನಿಯಮ ಇನ್ನೊಂದಿದೆ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಒಬ್ಬರು ಬಿಟ್‌ಕಾಯಿನ್‌ನಲ್ಲಿ 40,000 ರೂಪಾಯಿ ಗಳಿಸಿ, ಬೇರೊಂದು ಕಾಯಿನ್‌ನಲ್ಲಿ 40,000 ರೂಪಾಯಿ ಕಳೆದುಕೊಂಡರೆ ಕೈಗೆ ಉಳಿದದ್ದು ಸೊನ್ನೆ. ಆದರೂ 12,480 ರೂಪಾಯಿ ತೆರಿಗೆ ಕಟ್ಟಬೇಕು. ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯಲೂ ಬರುವುದಿಲ್ಲ. ಹತ್ತಾರು ಕಾಯಿನ್‌ಗಳನ್ನು ದಿನವೂ ಕೊಂಡು ಮಾರುವವರಿಗೆ ಈ ನಿಯಮವೇ ದೊಡ್ಡ ಪೆಟ್ಟು.

ಹೀಗಾಗಿ ಟಿಡಿಎಸ್ ಸರಿಯಾಗಿ ಕಟ್ಟುವ, ವರ್ಷದ ಪೂರ್ತಿ ವಹಿವಾಟಿನ ವರದಿ ಕೊಡುವ ಎಕ್ಸ್‌ಚೇಂಜ್ ಆಗಿರಬೇಕು. ಕಡಿತವಾದ ಟಿಡಿಎಸ್ 26ಎಎಸ್‌ನಲ್ಲಿ ಕಾಣುತ್ತದೆಯೇ ಎಂದು ನೋಡಿದರೆ ಕಂಪನಿಯ ಶಿಸ್ತೂ ತಿಳಿಯುತ್ತದೆ.

ಮುಂದೇನು?

ಈ ನಡುವೆ ನ್ಯಾಯಾಲಯಗಳು ಒಂದೊಂದೇ ಹೆಜ್ಜೆ ಇಡುತ್ತಿವೆ. ವಜೀರ್‌ಎಕ್ಸ್‌ನಲ್ಲಿ ಸುಮಾರು 1.98 ಲಕ್ಷ ರೂಪಾಯಿ ಹಾಕಿ ಎಕ್ಸ್‌ಆರ್‌ಪಿ ಕಾಯಿನ್ ಕೊಂಡಿದ್ದ ಮಹಿಳೆಯೊಬ್ಬರ ಅರ್ಜಿಯಲ್ಲಿ, 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್‌ನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ಕ್ರಿಪ್ಟೋ ಎಂಬುದು ‘ಆಸ್ತಿ’, ಅದನ್ನು ಬೇರೊಬ್ಬರ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದಾದದ್ದು ಎಂದರು. ಹ್ಯಾಕ್ ಆದದ್ದು ಬೇರೆ ಬಗೆಯ ಟೋಕನ್, ಅರ್ಜಿದಾರರ ಕಾಯಿನ್ ಅಲ್ಲ ಎಂಬುದನ್ನೂ ಗಮನಿಸಿ ಮಧ್ಯಂತರ ರಕ್ಷಣೆ ನೀಡಿದರು. ಗ್ರಾಹಕರ ಕಾಯಿನ್ ಎಕ್ಸ್‌ಚೇಂಜ್‌ನ ಸ್ವತ್ತಲ್ಲ ಎಂಬ ವಾದಕ್ಕೆ ಇದು ಬಲ ತಂದಿದೆ. ಆದರೆ ಪ್ರತಿ ಗ್ರಾಹಕರೂ ಹೈಕೋರ್ಟ್ ಮೆಟ್ಟಿಲು ಹತ್ತಲಾಗದು.

ಸರ್ಕಾರ ತೆರಿಗೆ ಪಡೆಯುತ್ತದೆ, ಟಿಡಿಎಸ್ ಹಿಡಿಯುತ್ತದೆ, ಕೆವೈಸಿ ಕೇಳುತ್ತದೆ, ನಿಯಮ ಮೀರಿದವರಿಗೆ ದಂಡ ಹಾಕುತ್ತದೆ. ಗ್ರಾಹಕರ ಕಾಯಿನ್ ಹೇಗೆ ಇಡಬೇಕು, ಕಳುವಾದರೆ ಎಷ್ಟು ದಿನದಲ್ಲಿ ಎಷ್ಟು ಕೊಡಬೇಕು ಎಂಬ ಕಾನೂನು ಮಾತ್ರ ಬಂದಿಲ್ಲ. ಕ್ರಿಪ್ಟೋಗೆ ಮಾನ್ಯತೆ ಕೊಟ್ಟಂತಾಗುತ್ತದೆ ಎಂಬ ಅಂಜಿಕೆ ಆರ್‌ಬಿಐಗೆ ಮೊದಲಿನಿಂದಲೂ ಇದೆ. ಈ ಹಗ್ಗಜಗ್ಗಾಟದಲ್ಲಿ, ಸೆಬಿಯಂಥ ಸಂಸ್ಥೆ ಮಾಡಬೇಕಾದ ಪರಿಶೀಲನೆಯ ಹೊಣೆ ಮೊದಲ ಬಾರಿ ಸಾವಿರ ರೂಪಾಯಿ ಹಾಕುವ ಯುವಕ-ಯುವತಿಯರ ಹೆಗಲಿಗೆ ಬಿದ್ದಿದೆ. ಅವರು ಅದನ್ನು ನೂರಕ್ಕೆ ನೂರು ಮಾಡುತ್ತಾರೆ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಕಾನೂನು ಬರುವವರೆಗೆ ಉಳಿದಿರುವ ದಾರಿ ಸರಳ. ಪೂರ್ತಿ ಹೋದರೂ ಮನೆ ನಡೆಯುವಷ್ಟು ಮೊತ್ತವನ್ನು ಮಾತ್ರ ಹಾಕುವುದು. ಕೊಂಡ ಜಾಗದಿಂದ ಯಾರದೋ ಮಾತು ಕೇಳಿ ಬೇರೆಡೆಗೆ ಕಾಯಿನ್ ಕಳುಹಿಸದಿರುವುದು. ಮೋಸ ಹೋದದ್ದು ಗೊತ್ತಾದ ಕೂಡಲೇ ನಾಚಿಕೆಪಡದೆ 1930 ಸಹಾಯವಾಣಿಗೆ ಕರೆ ಮಾಡುವುದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡುವುದು. ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ, ಬ್ಯಾಂಕ್‌ನಲ್ಲಿ ಇನ್ನೂ ಉಳಿದಿರುವ ಹಣವನ್ನಾದರೂ ತಡೆಹಿಡಿಯುವ ಅವಕಾಶವಿದೆ. ಅದು ಕ್ರಿಪ್ಟೋ ಆಗಿ ದೇಶ ದಾಟಿದ ಮೇಲೆ ಏನಾಗುತ್ತದೆ ಎಂಬುದಕ್ಕೆ, ಬಿಟ್‌ಕಾಯಿನ್ ಕೊಟ್ಟು ಇಂದಿಗೂ ಕಾಯುತ್ತಿರುವ ಪುಣೆಯ ದೂರುದಾರರೇ ಸಾಕ್ಷಿ.